ಜಾಲಪುಟದ ರಚನೆಯೂ ದತ್ತಾಂಶದ ಸರ್ವರೂ: ಒಂದು ಸಮೀಕ್ಷೆ

ಜಾಲಪುಟಗಳನ್ನು ಕಣ್ಣೆದುರಿಗೇ ಚಿತ್ರ ಬರೆದಂತೆ ರಚಿಸಿಕೊಳ್ಳಲು ನೆರವಾಗುವ ತಂತ್ರಾಂಶಗಳು ಬಳಕೆಗೆ ಬಂದಂದಿನಿಂದ, ಅವುಗಳನ್ನು ಕೈಗೆತ್ತಿಕೊಂಡವರು, ಪುಟದ ಬಣ್ಣ, ಅಕ್ಷರ, ವಿನ್ಯಾಸಗಳೆಲ್ಲವೂ ಮನಸ್ಸಿಗೊಪ್ಪುವಂತೆ ಸಿದ್ಧವಾದ ಬಳಿಕ, ಒಂದಲ್ಲ ಒಂದು ದಿನ ಕೇಳಿಯೇ ತೀರುವ ಪ್ರಶ್ನೆಯೊಂದುಂಟು: ಈ ತಂತ್ರಾಂಶವನ್ನು ದತ್ತಾಂಶವಿರುವ ಸರ್ವರಿಗೆ ಜೋಡಿಸುವುದು ಹೇಗೆ? ಪುಸ್ತಕ ಮಾರುವವರಿಗೆ ತಮ್ಮಲ್ಲಿರುವ ಪುಸ್ತಕಗಳ ಪಟ್ಟಿಯು, ದಿನದಿನವೂ ಪುಟವನ್ನು ತಿದ್ದುವ ಶ್ರಮವಿಲ್ಲದೆ, ತಾನಾಗಿ ಬದಲಾಗುತ್ತಿರಬೇಕು. ಶಾಲೆಯವರಿಗೆ ವಿದ್ಯಾರ್ಥಿಯ ನೋಂದಣಿ ಸಂಖ್ಯೆಯನ್ನು ಕೊಟ್ಟೊಡನೆ ಫಲಿತಾಂಶ ತೋರಬೇಕು. ಸಂಘಸಂಸ್ಥೆಗಳಿಗೆ ಸದಸ್ಯರ ವಿಳಾಸಗಳು ಒಂದೆಡೆ ಸೇರಿರಬೇಕು. ಅಪೇಕ್ಷೆ ಸಹಜವಾದದ್ದು. ತಂತ್ರಾಂಶವನ್ನು ಮಾರುವವರು ಕೊಡುವ ಉತ್ತರವೂ ಅಷ್ಟೇ ಸರಳವಾದದ್ದು: ಸರ್ವರಿನ ಹೆಸರು, ಬಳಕೆದಾರನ ಹೆಸರು, ಪಾಸ್‌ವರ್ಡ್, ಡೇಟಾಬೇಸಿನ ಹೆಸರು ಎಂಬ ನಾಲ್ಕು ಖಾಲಿ ಸ್ಥಳಗಳನ್ನು ತುಂಬಿ ಗುಂಡಿಯೊಂದನ್ನು ಒತ್ತಿದರೆ ಸಾಕೆನ್ನುತ್ತಾರೆ.

ಆದರೆ ಈ ನಾಲ್ಕು ಸ್ಥಳಗಳನ್ನು ಸರಿಯಾಗಿ ತುಂಬಿಯೂ ದಿನಗಟ್ಟಲೆ ಬಳಲಿದವರ ಸಂಖ್ಯೆ ಅಲ್ಪವಲ್ಲ. ಅದಕ್ಕೆ ಅವರ ಅಜ್ಞಾನವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಾಗದು. ಪ್ರಶ್ನೆಯೊಳಗೇ ಒಂದು ಭ್ರಾಂತಿ ಅಡಗಿದ್ದು, ತಂತ್ರಾಂಶಗಳನ್ನು ರೂಪಿಸಿದವರು ಅದನ್ನು ನಿವಾರಿಸುವುದಕ್ಕಿಂತ ಪೋಷಿಸಿದ್ದೇ ಹೆಚ್ಚು ಎಂಬುದು ಈ ಲೇಖಕನ ಅಭಿಪ್ರಾಯ. ವಾಸ್ತವದಲ್ಲಿ, ಓದುಗನಿಗೆ ಪುಟ ತೋರುವ ಹೊತ್ತಿನಲ್ಲಿ, ರಚನಾ ತಂತ್ರಾಂಶವು ದತ್ತಾಂಶದ ಸರ್ವರಿಗೆ ಜೋಡಣೆಯಾಗುವುದೇ ಇಲ್ಲ. ಜೋಡಣೆಯಾಗುವುದು ಇವೆರಡರ ನಡುವೆ, ಜಾಲಸರ್ವರಿನಲ್ಲಿ ಓಡುತ್ತಿರುವ ಒಂದು ಪ್ರೋಗ್ರಾಮ್. ತಾಲ್ಲೂಕು ಕಚೇರಿಯ ಮುಂದೆ ಕುಳಿತು ಅರ್ಜಿ ಬರೆದುಕೊಡುವವನು ಎಷ್ಟೇ ಚೆನ್ನಾಗಿ ಬರೆದುಕೊಟ್ಟರೂ, ಅದನ್ನು ಹಿಡಿದು ಒಳಗಿನ ಮೇಜಿನ ಮುಂದೆ ನಿಲ್ಲುವವನು ಬೇರೆಯವನಾಗಿರುವಂತೆ, ರಚನಾ ತಂತ್ರಾಂಶವು ಆ ನಡುವಣ ಪ್ರೋಗ್ರಾಮನ್ನು ಬರೆದುಕೊಟ್ಟು ಹಿಂದೆ ಸರಿಯುತ್ತದೆ. ಈ ನಡುವಣ ವಸ್ತುವನ್ನು ಯಾವ ತಂತ್ರಾಂಶ ಎಷ್ಟು ಮುಚ್ಚಿಟ್ಟಿತು, ಎಷ್ಟು ತೋರಿಸಿತು ಎಂಬುದೇ ಈ ವಿಷಯದ ಇತಿಹಾಸದ ಸಾರವೆಂದು ತೋರುತ್ತದೆ.

ಒಂದುಗೂಡಬೇಕಾಗಿದ್ದ ವಸ್ತುಗಳೆರಡೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಪ್ರಯೋಜನಕ್ಕಾಗಿ ಹುಟ್ಟಿದಂಥವು. ದತ್ತಾಂಶವನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳ ರೂಪದಲ್ಲಿ ಇರಿಸಬೇಕೆಂಬ ತತ್ತ್ವವನ್ನು ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ 1970ರಲ್ಲಿ ಪ್ರತಿಪಾದಿಸಿದನು. ಆ ಕೋಷ್ಟಕಗಳನ್ನು ಪ್ರಶ್ನಿಸುವುದಕ್ಕೆ ತಕ್ಕ ಭಾಷೆಯನ್ನು ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದರು. ಇಂದು ಎಸ್‌ಕ್ಯೂಎಲ್ ಎಂದು ಪ್ರಸಿದ್ಧವಾಗಿರುವ ಆ ಭಾಷೆ 1986ರಲ್ಲಿ ಅಮೆರಿಕದ ಅಧಿಕೃತ ಮಾನಕವಾಯಿತು. ಜಾಲಪುಟವಾದರೋ 1989ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾದ ಸರ್ನ್ ಪ್ರಯೋಗಶಾಲೆಯಲ್ಲಿ ಮಂಡಿಸಿದ ಯೋಜನೆಯ ಫಲ. ಅದರ ಮೂಲೋದ್ದೇಶ, ಚದುರಿಹೋಗಿದ್ದ ದಾಖಲೆಗಳನ್ನು ಒಂದರಿಂದ ಇನ್ನೊಂದಕ್ಕೆ ನೆಗೆಯುವಂತೆ ಕೊಂಡಿಗಳಿಂದ ಬೆಸೆಯುವುದು. ಒಂದು ಕಡೆ ಕೋಷ್ಟಕ, ಇನ್ನೊಂದು ಕಡೆ ದಾಖಲೆ. ಇವೆರಡರ ಸ್ವಭಾವ ಬೇರೆ, ಇವುಗಳನ್ನು ಬಲ್ಲ ಜನರೂ ಬಹುಕಾಲ ಬೇರೆಯೇ ಆಗಿದ್ದರು.

ಹೀಗಿದ್ದರೂ ಇವುಗಳ ಸಮಾಗಮ ನಾವು ಎಣಿಸುವುದಕ್ಕಿಂತ ಬಹು ಮುಂಚೆಯೇ ನಡೆಯಿತೆಂಬುದು ಗಮನಾರ್ಹ. ಯೂರೋಪಿನ ಹೊರಗಿನ ಮೊತ್ತಮೊದಲ ಜಾಲಸರ್ವರ್ 1991ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಲೀನಿಯರ್ ಆಕ್ಸಿಲರೇಟರ್ ಕೇಂದ್ರದಲ್ಲಿ ಪಾಲ್ ಕುಂಜ್ ಎಂಬ ಭೌತವಿಜ್ಞಾನಿಯ ಪ್ರಯತ್ನದಿಂದ ಆರಂಭವಾಯಿತು. ಅದು ಆರಂಭವಾದದ್ದೇ ಸ್ಪೈರ್ಸ್ ಎಂಬ, ಭೌತವಿಜ್ಞಾನದ ಪ್ರಬಂಧಗಳ ದೊಡ್ಡ ಡೇಟಾಬೇಸನ್ನು ಜಾಲಕ್ಕೆ ತೆರೆದಿಡುವುದಕ್ಕಾಗಿ. ಪುಟಗಳನ್ನು ರಚಿಸಿಕೊಡುವ ತಂತ್ರಾಂಶಕ್ಕೆ ಅಲ್ಲಿ ಪಾತ್ರವಿರಲಿಲ್ಲ. ಪ್ರಶ್ನೆಯನ್ನು ಪಡೆದು, ಡೇಟಾಬೇಸನ್ನು ಕೇಳಿ, ಬಂದ ಉತ್ತರವನ್ನು ಪುಟವನ್ನಾಗಿ ಮಾರ್ಪಡಿಸಿ ಹಿಂದಿರುಗಿಸುವ ಪ್ರೋಗ್ರಾಮೊಂದು ಮಾತ್ರ ನಡುವೆ ಇತ್ತು. ಅಂದು ಇದ್ದ ಏರ್ಪಾಡೇ ಇಂದಿಗೂ ಇರುವುದು. ಮಧ್ಯದಲ್ಲಿ ಬಂದುಹೋದವೆಲ್ಲ ವೇಷಗಳು.

ಆ ವೇಷಗಳ ಪೈಕಿ ಮೊದಲನೆಯದು 1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರೂಪುಗೊಂಡ ಸಿಜಿಐ ಎಂಬ ಪದ್ಧತಿ. ಜಾಲಸರ್ವರು ಹೊರಗಿನ ಪ್ರೋಗ್ರಾಮೊಂದನ್ನು ಕರೆದು ಅದರ ಫಲಿತವನ್ನು ಓದುಗನಿಗೆ ಕಳುಹಿಸುವ ಈ ಕ್ರಮದಲ್ಲಿ ಬಹುಮಟ್ಟಿಗೆ ಪರ್ಲ್ ಭಾಷೆ ಮೆರೆಯಿತು. ಪುಟದ ರೂಪ ಪ್ರೋಗ್ರಾಮಿನ ಹೊಟ್ಟೆಯೊಳಗೆ ಹುದುಗಿಹೋಗುತ್ತಿದ್ದುದರಿಂದ ವಿನ್ಯಾಸಕಾರನಿಗೆ ಅಲ್ಲಿ ಪ್ರವೇಶವಿರಲಿಲ್ಲ. 1995ರಲ್ಲಿ ಅಲೇರ್ ಸಹೋದರರು ಹೊರತಂದ ಕೋಲ್ಡ್‌ಫ್ಯೂಶನ್ ಈ ಸಂಬಂಧವನ್ನು ತಲೆಕೆಳಗು ಮಾಡಿತು: ಪ್ರೋಗ್ರಾಮಿನೊಳಗೆ ಪುಟವನ್ನು ಅಡಗಿಸದೆ, ಪುಟದೊಳಗೇ ಡೇಟಾಬೇಸನ್ನು ಕೇಳುವ ಟ್ಯಾಗುಗಳನ್ನು ಅದು ಸೇರಿಸಿತು. ಗ್ರೀನ್‌ಲೆಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ಅದೇ ವರ್ಷ ಸಾರ್ವಜನಿಕರ ಮುಂದಿರಿಸಿದ ಪಿಎಚ್‌ಪಿಯೂ, 1996ರ ಕೊನೆಗೆ ಮೈಕ್ರೋಸಾಫ್ಟ್ ತಂದ ಎಎಸ್‌ಪಿಯೂ ಇದೇ ಹಾದಿ ಹಿಡಿದವು. ರಚನಾ ತಂತ್ರಾಂಶಗಳ ಪಾಲಿಗೆ ಇದು ಮಹತ್ವದ ತಿರುವು. ಪುಟವೆಂಬುದು ಮತ್ತೆ ಪುಟವಾದ್ದರಿಂದ, ಅದನ್ನು ಚಿತ್ರದಂತೆ ತೋರಿಸುತ್ತಲೇ ಮಧ್ಯೆ ಮಧ್ಯೆ ಕೋಡಿನ ತುಣುಕುಗಳನ್ನು ಹುದುಗಿಸುವುದು ಸಾಧ್ಯವಾಯಿತು.

ಇದನ್ನು ಮೊದಲು ಸಾಮಾನ್ಯ ಬಳಕೆದಾರರ ಕೈಗೆ ಕೊಟ್ಟವುಗಳಲ್ಲಿ ಫ್ರಂಟ್‌ಪೇಜ್ ಒಂದು. ವರ್ಮೀರ್ ಟೆಕ್ನಾಲಜೀಸ್ ಎಂಬ ಸಣ್ಣ ಕಂಪನಿಯ ಸೃಷ್ಟಿಯಾದ ಇದನ್ನು ಮೈಕ್ರೋಸಾಫ್ಟ್ 1996ರ ಜನವರಿಯಲ್ಲಿ ಸುಮಾರು 13 ಕೋಟಿ ಡಾಲರಿಗೆ ಕೊಂಡುಕೊಂಡಿತು. ಫ್ರಂಟ್‌ಪೇಜ್ 2000ರ ಹೊತ್ತಿಗೆ, ಬಳಕೆದಾರನು ಒಂದಾದ ಮೇಲೊಂದು ಪ್ರಶ್ನೆಗೆ ಉತ್ತರಿಸುತ್ತಾ ಹೋದರೆ ಡೇಟಾಬೇಸಿನ ಕೋಷ್ಟಕವು ಪುಟದಲ್ಲಿ ಮೂಡುವ ಏರ್ಪಾಡು ಅದರಲ್ಲಿ ಬಂದಿತ್ತು. ಅದು ತೆರೆಮರೆಯಲ್ಲಿ ಎಎಸ್‌ಪಿ ಕೋಡನ್ನು ಬರೆದು, ಜೋಡಣೆಯ ವಿವರವನ್ನು ಬೇರೊಂದು ಕಡತದಲ್ಲಿ ಇರಿಸುತ್ತಿತ್ತು. ಜೋಡಣೆಗೆ ಮೈಕ್ರೋಸಾಫ್ಟ್ 1992ರಲ್ಲಿ ಹೊರತಂದಿದ್ದ ಓಡಿಬಿಸಿ ಎಂಬ ಸಾಮಾನ್ಯ ಸೇತುವೆ ಒದಗುತ್ತಿತ್ತು: ಕಂಟ್ರೋಲ್ ಪ್ಯಾನೆಲಿಗೆ ಹೋಗಿ ಡೇಟಾಬೇಸಿಗೆ ಡಿಎಸ್‌ಎನ್ ಎಂಬ ಹೆಸರೊಂದನ್ನು ನೋಂದಾಯಿಸಿದರೆ, ಅನಂತರ ಆ ಹೆಸರಿನಿಂದಲೇ ಅದನ್ನು ಕರೆಯಬಹುದಾಗಿತ್ತು.

ಇಲ್ಲಿಯೇ ಭ್ರಾಂತಿಯ ಮೊದಲ ದಂಡನೆ ಕಾದಿತ್ತು. ನೋಂದಣಿಯಲ್ಲಿ ಎರಡು ಬಗೆ: ಒಂದು ಆ ಬಳಕೆದಾರನಿಗೆ ಮಾತ್ರ ಕಾಣುವಂಥದು, ಇನ್ನೊಂದು ಇಡೀ ಗಣಕಕ್ಕೆ ಕಾಣುವಂಥದು. ಮೊದಲನೆಯದನ್ನು ಆರಿಸಿಕೊಂಡ ವಿನ್ಯಾಸಕಾರನಿಗೆ ತನ್ನ ತಂತ್ರಾಂಶದಲ್ಲಿ ಕೋಷ್ಟಕಗಳೆಲ್ಲ ಸೊಗಸಾಗಿ ಕಾಣುತ್ತಿದ್ದವು. ಬ್ರೌಸರಿನಲ್ಲಿ ಪುಟವನ್ನು ತೆರೆದೊಡನೆ ಮಾತ್ರ ಅಂಥ ಹೆಸರಿನ ದತ್ತಾಂಶಮೂಲವೇ ಇಲ್ಲವೆಂಬ ದೋಷಸೂಚನೆ ಬರುತ್ತಿತ್ತು. ಏಕೆಂದರೆ ತಂತ್ರಾಂಶ ಓಡುತ್ತಿದ್ದುದು ಅವನ ಹೆಸರಿನಲ್ಲಿ; ಜಾಲಸರ್ವರು ಓಡುತ್ತಿದ್ದುದು ತನ್ನದೇ ಆದ ಅನಾಮಿಕ ಖಾತೆಯ ಹೆಸರಿನಲ್ಲಿ. ಆಕ್ಸೆಸ್ ಎಂಬ ಡೇಟಾಬೇಸಿನ ಕಡತದಲ್ಲಿ ಹೊಸ ದಾಖಲೆ ಸೇರಿಸಹೊರಟವರಿಗೆ, ಕಡತದ ಮಾಲೀಕರು ತಾವೇ ಆಗಿದ್ದರೂ, ತಿದ್ದಲಾಗದೆಂಬ ನಿಷೇಧ ಎದುರಾಗುತ್ತಿದ್ದುದೂ ಇದೇ ಕಾರಣದಿಂದ. ಆ ಫೋಲ್ಡರಿನಲ್ಲಿ ಬರೆಯುವ ಅಧಿಕಾರ ಅನಾಮಿಕ ಖಾತೆಗೆ ಇರಲಿಲ್ಲ. ಒಂದೇ ಕೆಲಸವನ್ನು ಇಬ್ಬರು ಮಾಡುತ್ತಿದ್ದಾರೆ, ಇಬ್ಬರ ಕಣ್ಣಿಗೆ ಕಾಣುವ ಲೋಕ ಒಂದಲ್ಲ ಎಂಬುದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು.

ಈ ಪ್ರಕರಣದ ಮುಖ್ಯ ಪಾತ್ರ ಡ್ರೀಮ್‌ವೀವರ್. ಮ್ಯಾಕ್ರೊಮೀಡಿಯಾ ಕಂಪನಿ 1997ರ ಡಿಸೆಂಬರಿನಲ್ಲಿ ಹೊರತಂದಾಗ ಅದು ದತ್ತಾಂಶದ ಗೊಡವೆಯಿಲ್ಲದ, ಶುದ್ಧ ವಿನ್ಯಾಸದ ಸಾಧನವಾಗಿತ್ತು. ಡ್ರಮ್‌ಬೀಟ್ ಎಂಬ ತಂತ್ರಾಂಶವನ್ನು ಅದರ ಒಡೆತನ ಹೊಂದಿದ್ದ ಎಲಿಮೆಂಟಲ್ ಕಂಪನಿಯೊಡನೆ 1999ರಲ್ಲಿ ಕೊಂಡುಕೊಂಡ ಮ್ಯಾಕ್ರೊಮೀಡಿಯಾ, ಮರುವರ್ಷ ಅಲ್ಟ್ರಾಡೆವ್ ಎಂಬ ಹೆಸರಿನಲ್ಲಿ ದತ್ತಾಂಶದೊಡನೆ ವ್ಯವಹರಿಸಬಲ್ಲ ಡ್ರೀಮ್‌ವೀವರನ್ನು ಬಿಡುಗಡೆ ಮಾಡಿತು. ಅದು ಎಎಸ್‌ಪಿ, ಜೆಎಸ್‌ಪಿ, ಕೋಲ್ಡ್‌ಫ್ಯೂಶನ್‌ಗಳನ್ನು ಬಲ್ಲದಾಗಿತ್ತು, ಪಿಎಚ್‌ಪಿಯನ್ನು ಅರಿಯದಾಗಿತ್ತು. ಆ ಕೊರತೆಯನ್ನು ರುಮೇನಿಯದ ಇಂಟರಾಕ್ಟ್ ಎಂಬ ಪುಟ್ಟ ಕಂಪನಿ ತನ್ನ ಸೇರ್ಪಡೆಯಿಂದ ತುಂಬಿಕೊಟ್ಟಿತೆಂಬುದನ್ನು ಇಂದು ನೆನೆಯುವವರು ವಿರಳ. 2002ರ ಡ್ರೀಮ್‌ವೀವರ್ ಎಂಎಕ್ಸ್ ಆವೃತ್ತಿಯಲ್ಲಿ ಅಲ್ಟ್ರಾಡೆವ್ ವಿಲೀನವಾಗಿ, ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಜೋಡಿಗೆ ಅಧಿಕೃತ ಸ್ಥಾನ ದೊರೆಯಿತು. ಮೈಎಸ್‌ಕ್ಯೂಎಲ್ ಸ್ವೀಡನ್ನಿನ ಕಂಪನಿಯೊಂದು 1995ರಲ್ಲಿ ಆರಂಭಿಸಿದ ಡೇಟಾಬೇಸ್. ಹಣವಿಲ್ಲದೆ ದೊರೆಯುತ್ತಿದ್ದ ಲಿನಕ್ಸ್, ಅಪಾಚಿ, ಪಿಎಚ್‌ಪಿಗಳ ಸಹವಾಸದಿಂದ ಅದು ಅಗ್ಗದ ಹೋಸ್ಟಿಂಗ್ ನಡೆಸುವವರ ಮನೆಮಾತಾಯಿತು. ಜಗತ್ತಿನ ಎಲ್ಲೆಡೆಯ ಸಣ್ಣ ವಿನ್ಯಾಸಕಾರರು ಡ್ರೀಮ್‌ವೀವರನ್ನು ಮೈಎಸ್‌ಕ್ಯೂಎಲ್‌ಗೆ ಜೋಡಿಸಲು ಹೊರಟ ಕಾಲ ಇದು.

ಅವರು ಮಾಡಬೇಕಾಗಿದ್ದುದನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ಮೊದಲು ತಾಣವನ್ನು ವಿವರಿಸಬೇಕು: ತಮ್ಮ ಗಣಕದ ಯಾವ ಫೋಲ್ಡರಿನಲ್ಲಿ ಕಡತಗಳಿವೆ, ಪುಟಗಳನ್ನು ಪರೀಕ್ಷಿಸುವ ಟೆಸ್ಟಿಂಗ್ ಸರ್ವರ್ ಯಾವುದು, ಆ ಸರ್ವರಿಗೆ ಬ್ರೌಸರಿನ ಮೂಲಕ ಹೋಗುವ ವಿಳಾಸ ಯಾವುದು. ಅನಂತರ ಪುಟದ ಜಾತಿಯನ್ನು, ಅಂದರೆ ಪಿಎಚ್‌ಪಿಯೋ ಎಎಸ್‌ಪಿಯೋ ಎಂಬುದನ್ನು, ಗೊತ್ತುಮಾಡಬೇಕು. ಇವಾದ ಮೇಲೆಯೇ ಮೇಲೆ ಹೇಳಿದ ನಾಲ್ಕು ಸ್ಥಳಗಳ ಪೆಟ್ಟಿಗೆ ತೆರೆದುಕೊಳ್ಳುತ್ತಿತ್ತು. ಅದನ್ನು ತುಂಬಿ ಟೆಸ್ಟ್ ಎಂಬ ಗುಂಡಿಯನ್ನು ಒತ್ತಿದಾಗ, ಡ್ರೀಮ್‌ವೀವರ್ ನೇರವಾಗಿ ಡೇಟಾಬೇಸಿನ ಕದ ತಟ್ಟುತ್ತದೆಂದು ಎಲ್ಲರೂ ಭಾವಿಸಿದ್ದರು. ಆದರೆ ಅದು ಮಾಡುತ್ತಿದ್ದುದೇ ಬೇರೆ. ಪರೀಕ್ಷಾ ಸರ್ವರಿನಲ್ಲಿ ತಾನೇ ಒಂದು ಫೋಲ್ಡರನ್ನು ಗುಟ್ಟಾಗಿ ಸೃಷ್ಟಿಸಿ, ಅದರಲ್ಲಿ ಎಂಎಂಎಚ್‌ಟಿಟಿಪಿಡಿಬಿ ಎಂಬ ಕಡತವನ್ನಿರಿಸಿ, ಬ್ರೌಸರು ಪುಟವನ್ನು ಕೇಳುವ ರೀತಿಯಲ್ಲಿಯೇ ಆ ಕಡತವನ್ನು ಕರೆಯುತ್ತಿತ್ತು. ಆ ಕಡತವು ಸರ್ವರಿನೊಳಗೆ ಓಡಿ, ಡೇಟಾಬೇಸನ್ನು ಸಂಧಿಸಿ, ಅಲ್ಲಿರುವ ಕೋಷ್ಟಕಗಳ ಹೆಸರನ್ನು ತಂದುಕೊಡುತ್ತಿತ್ತು. ವಿನ್ಯಾಸದ ಹೊತ್ತಿನಲ್ಲಿಯೂ ಜೋಡಣೆ ಮಧ್ಯವರ್ತಿಯ ಮೂಲಕವೇ ಎಂದಾಯಿತು.

ಇದನ್ನು ಅರಿಯದವನಿಗೆ, ಪಾಸ್‌ವರ್ಡ್ ಸರಿಯಾಗಿದ್ದರೂ, 404 ಎಂಬ, ಕಡತ ದೊರೆಯಲಿಲ್ಲವೆನ್ನುವ ಸೂಚನೆ ಏಕೆ ಬರುತ್ತದೆಂಬುದು ಹೇಗೆ ಅರ್ಥವಾದೀತು? ಡೇಟಾಬೇಸಿಗೂ 404ಕ್ಕೂ ಸಂಬಂಧವೇನು? ಸಂಬಂಧವಿಷ್ಟೆ: ತಾಣದ ವಿವರಣೆಯಲ್ಲಿ ಕೊಟ್ಟ ವಿಳಾಸವೂ ಫೋಲ್ಡರೂ ಒಂದಕ್ಕೊಂದು ಹೊಂದದೆ, ಡ್ರೀಮ್‌ವೀವರ್ ತಾನು ಇರಿಸಿದ ಕಡತವನ್ನು ತಾನೇ ಕಾಣದಾಗಿದೆ. ಇದಕ್ಕಿಂತಲೂ ನಿರ್ದಯವಾದದ್ದು, ಗುರುತಿಸಲಾಗದ ದೋಷವೊಂದು ಸಂಭವಿಸಿದೆ ಎಂಬರ್ಥದ ಇನ್ನೊಂದು ಸೂಚನೆ. ಏನನ್ನೂ ಹೇಳದಿರುವ ಕಲೆಯಲ್ಲಿ ಅದಕ್ಕೆ ಸರಿಸಾಟಿ ಇಲ್ಲ. ಎಎಸ್‌ಪಿ ಪುಟಗಳ ಜೋಡಣೆಯ ಪೆಟ್ಟಿಗೆಯಲ್ಲಿ, ಡ್ರೀಮ್‌ವೀವರ್ ಜೋಡಣೆಯನ್ನು ಪರೀಕ್ಷಾ ಸರ್ವರಿನಲ್ಲಿರುವ ಡ್ರೈವರಿನಿಂದ ಮಾಡಬೇಕೋ ಈ ಗಣಕದಲ್ಲಿರುವ ಡ್ರೈವರಿನಿಂದ ಮಾಡಬೇಕೋ ಎಂಬ ಆಯ್ಕೆ ಕೊಟ್ಟಿದ್ದರು. ಇಡೀ ವಿಷಯದ ಮರ್ಮ ಆ ಎರಡು ಸಾಲುಗಳಲ್ಲಿ ಇತ್ತು. ಅದರ ಅರ್ಥವನ್ನು ವಿವರಿಸುವ ಸೌಜನ್ಯ ಮಾತ್ರ ಆ ಪೆಟ್ಟಿಗೆಯಲ್ಲಿ ಇರಲಿಲ್ಲ.

ಜೋಡಣೆ ಸಫಲವಾದರೆ ಕನೆಕ್ಷನ್ಸ್ ಎಂಬ ಫೋಲ್ಡರಿನಲ್ಲಿ ಒಂದು ಸಣ್ಣ ಪಿಎಚ್‌ಪಿ ಕಡತ ಹುಟ್ಟುತ್ತಿತ್ತು. ನಾಲ್ಕು ಮೌಲ್ಯಗಳೂ ಅದರಲ್ಲಿ ಬಿಚ್ಚುಮಾತಿನಲ್ಲಿ ಇರುತ್ತಿದ್ದವು. ಅನಂತರ ರಚಿಸುವ ಪ್ರತಿ ಪುಟವೂ ತಲೆಯಲ್ಲಿ ಆ ಕಡತವನ್ನು ಕರೆದು, ದಾಖಲೆಗಳ ಗುಚ್ಛವೊಂದನ್ನು ತರಿಸಿಕೊಂಡು, ವಿನ್ಯಾಸಕಾರನು ಎಳೆದಿಟ್ಟ ಸ್ಥಳಗಳಲ್ಲಿ ಅದರ ಅಂಶಗಳನ್ನು ತುಂಬುತ್ತಿತ್ತು. ಒಂದು ಸಾಲನ್ನು ಆರಿಸಿ ರಿಪೀಟ್ ರೀಜನ್ ಎಂದರೆ ಉಳಿದ ಸಾಲುಗಳೆಲ್ಲ ತಾವಾಗಿ ಮೂಡುತ್ತಿದ್ದವು. ಕೋಡನ್ನು ಒಂದಕ್ಷರವೂ ಬರೆಯದವನು ತನ್ನ ಅಂಗಡಿಯ ಸರಕೆಲ್ಲ ಪರದೆಯ ಮೇಲೆ ಹರಿದುಬರುವುದನ್ನು ಮೊದಲ ಬಾರಿಗೆ ಕಂಡಾಗ ಪಟ್ಟ ಆನಂದವನ್ನು ಹಗುರವಾಗಿ ಕಾಣಲಾಗದು. ಸಾವಿರಾರು ಮಂದಿ ಪ್ರೋಗ್ರಾಮಿಂಗನ್ನು ಕಲಿತದ್ದು, ಹೀಗೆ ಹುಟ್ಟಿದ ಕೋಡನ್ನು ಕುತೂಹಲದಿಂದ ಇಣುಕಿ ನೋಡಿಯೇ ಇರಬೇಕು. ಆದರೆ ಪುಟವನ್ನು ನಿಜವಾದ ಸರ್ವರಿಗೆ ಏರಿಸುವಾಗ ಕನೆಕ್ಷನ್ಸ್ ಫೋಲ್ಡರನ್ನು ಏರಿಸಲು ಮರೆತವರೂ, ಏರಿಸಿ ಅದರೊಳಗಿನ ಮೌಲ್ಯಗಳನ್ನು ಬದಲಿಸಲು ಮರೆತವರೂ ಅಷ್ಟೇ ಮಂದಿ.

ಆ ಮೌಲ್ಯಗಳ ಪೈಕಿ ಅತ್ಯಂತ ಮೋಸಕರವಾದದ್ದು ಸರ್ವರಿನ ಹೆಸರು. ಲೋಕಲ್‌ಹೋಸ್ಟ್ ಎಂದರೆ ‘ಇದೇ ಗಣಕ’ ಎಂದರ್ಥ. ಆದರೆ ಯಾವ ಗಣಕ? ಹೇಳುತ್ತಿರುವವನು ನಿಂತ ಗಣಕ. ಹೇಳುತ್ತಿರುವವನು ವಿನ್ಯಾಸಕಾರನಲ್ಲ, ಜಾಲಸರ್ವರಿನಲ್ಲಿರುವ ಪಿಎಚ್‌ಪಿ. ಆದಕಾರಣ ಬೆಂಗಳೂರಿನ ಮನೆಯಲ್ಲಿ ಕುಳಿತವನು ಅಮೆರಿಕದ ಹೋಸ್ಟಿಂಗ್ ಸಂಸ್ಥೆಯಲ್ಲಿರುವ ತಾಣಕ್ಕೂ ಲೋಕಲ್‌ಹೋಸ್ಟ್ ಎಂದೇ ಬರೆಯಬೇಕಾದೀತು, ಮತ್ತು ಅದು ಸರಿಯೂ ಆದೀತು. ಇದರ ಮೇಲೆ ಮೈಎಸ್‌ಕ್ಯೂಎಲ್ ತನ್ನದೊಂದು ತೊಡಕನ್ನು ಸೇರಿಸಿದೆ. ಲಿನಕ್ಸಿನಲ್ಲಿ ಲೋಕಲ್‌ಹೋಸ್ಟ್ ಎಂದರೆ ಅದು ಜಾಲದ ಮಾರ್ಗವನ್ನೇ ಬಿಟ್ಟು, ಸಾಕೆಟ್ ಎಂಬ ಒಳದಾರಿಯಿಂದ ಹೋಗಲು ಯತ್ನಿಸುತ್ತದೆ, 127.0.0.1 ಎಂದು ಅಂಕಿಗಳಲ್ಲಿ ಬರೆದರೆ ಜಾಲದ ಮಾರ್ಗದಿಂದ, 3306 ಎಂಬ ಪೋರ್ಟಿನ ಮೂಲಕ ಹೋಗುತ್ತದೆ. ಅರ್ಥದಲ್ಲಿ ಒಂದೇ ಆದ ಎರಡು ಹೆಸರುಗಳಲ್ಲಿ ಒಂದು ಫಲಿಸಿ ಇನ್ನೊಂದು ಸೋಲುವ ವಿಚಿತ್ರ ಇದರಿಂದ ಉಂಟಾಗುತ್ತದೆ.

ಇನ್ನು, ಮೈಎಸ್‌ಕ್ಯೂಎಲ್‌ಗೆ ಬಳಕೆದಾರನೆಂದರೆ ಹೆಸರು ಮಾತ್ರವಾಗಿರದೆ, ಹೆಸರೂ ಅವನು ಬರುವ ಸ್ಥಳವೂ ಕೂಡಿದ ಜೋಡಿ. ಲೋಕಲ್‌ಹೋಸ್ಟಿನಿಂದ ಬರುವ ರೂಟ್ ಎಂಬ ಬಳಕೆದಾರ ಬೇರೆ, ದೂರದ ಗಣಕದಿಂದ ಬರುವ ರೂಟ್ ಬೇರೆ. ಒಬ್ಬನಿಗೆ ಕೊಟ್ಟ ಅನುಮತಿ ಇನ್ನೊಬ್ಬನಿಗೆ ಸಲ್ಲದು. 1045 ಎಂಬ ದೋಷಸಂಖ್ಯೆ ಬಂದರೆ ಸರ್ವರು ದೊರೆತಿದೆ, ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ. 1130 ಬಂದರೆ ಆ ಸ್ಥಳದಿಂದ ಯಾರೂ ಬರಕೂಡದು. 2002 ಬಂದರೆ ಒಳದಾರಿ ಮುಚ್ಚಿದೆ ಅಥವಾ ಬೇರೆ ಕಡೆ ಇದೆ. 2003 ಬಂದರೆ ಸರ್ವರು ಓಡುತ್ತಿಲ್ಲ, ಇಲ್ಲವೇ ನಡುವೆ ಫೈರ್‌ವಾಲ್ ನಿಂತಿದೆ. ಈ ನಾಲ್ಕು ಸಂಖ್ಯೆಗಳ ಅರ್ಥವನ್ನು ಬಲ್ಲವನಿಗೆ ದೊಡ್ಡ ಗ್ರಂಥಗಳ ಅಗತ್ಯ ಬೀಳದು. ಡ್ರೀಮ್‌ವೀವರ್ ಮಾತ್ರ ಇವುಗಳಲ್ಲಿ ಹಲವನ್ನು ತನ್ನ ಮಾತಿನಿಂದ ಮರೆಮಾಡುತ್ತಿದ್ದುದರಿಂದ, ಪುಟವನ್ನು ಬ್ರೌಸರಿನಲ್ಲಿ ನೇರವಾಗಿ ತೆರೆದು ಪಿಎಚ್‌ಪಿ ಹೇಳುವುದನ್ನು ಕೇಳುವುದೇ ಅನುಭವಸ್ಥರ ಪದ್ಧತಿಯಾಗಿತ್ತು.

ಆವೃತ್ತಿಗಳ ವೈಷಮ್ಯದಿಂದ ಆದ ಹಾನಿಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಮೈಎಸ್‌ಕ್ಯೂಎಲ್ 4.1ರಲ್ಲಿ ಪಾಸ್‌ವರ್ಡನ್ನು ಇರಿಸುವ ಕ್ರಮ ಬದಲಾಗಿ ಹಳೆಯ ಪಿಎಚ್‌ಪಿ ಅದರೊಡನೆ ಮಾತಾಡಲಾರದೆ ನಿಂತಿತು, 2018ರ 8.0 ಆವೃತ್ತಿಯಲ್ಲಿ ಅದೇ ಕಥೆ ಇನ್ನೊಂದು ರೂಪದಲ್ಲಿ ನಡೆಯಿತು. ಪಿಎಚ್‌ಪಿ 5 ಮೈಎಸ್‌ಕ್ಯೂಎಲ್ ವಿಸ್ತರಣೆಯನ್ನು ತಾನಾಗಿ ಚಾಲ್ತಿಯಲ್ಲಿಡುವುದನ್ನು ನಿಲ್ಲಿಸಿದ್ದರಿಂದ, ಜೋಡಿಸುವ ಆಜ್ಞೆಯೇ ಇಲ್ಲವೆಂಬ ದೋಷ ಎಷ್ಟೋ ಮಂದಿಯನ್ನು ದಿಗ್ಭ್ರಮೆಗೊಳಿಸಿತು.

ಕನ್ನಡದಲ್ಲಿ ತಾಣಗಳನ್ನು ಕಟ್ಟಿದವರಿಗೆ ಇವೆಲ್ಲಕ್ಕಿಂತ ದೊಡ್ಡ ಸಂಕಟ ಜೋಡಣೆ ಸಫಲವಾದ ಮೇಲೆ ಆರಂಭವಾಗುತ್ತಿತ್ತು. ಕನ್ನಡಕ್ಕೆ ಯುನಿಕೋಡಿನಲ್ಲಿ 1991ರಿಂದಲೇ ಸ್ಥಾನವಿದೆಯಾದರೂ, ಮೈಎಸ್‌ಕ್ಯೂಎಲ್ ತನ್ನ 8.0 ಆವೃತ್ತಿಯವರೆಗೂ, ಬೇರೆ ಸೂಚನೆಯಿಲ್ಲದಿದ್ದರೆ, ಪಾಶ್ಚಾತ್ಯ ಲ್ಯಾಟಿನ್ ಲಿಪಿಯನ್ನೂ ತನ್ನ ಹುಟ್ಟುನಾಡಾದ ಸ್ವೀಡನ್ನಿನ ಅಕಾರಾದಿಕ್ರಮವನ್ನೂ ಅನುಸರಿಸುತ್ತಿತ್ತು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಕಣ್ಣಿಗೆ ಅದು ಮೂರು ಅಕ್ಷರ. ಒತ್ತಕ್ಷರವನ್ನು ಬಿಡಿಸಿ ಎಣಿಸುವ ಯುನಿಕೋಡಿನಲ್ಲಿ ಐದು ಸಂಕೇತ. ಯುಟಿಎಫ್-8 ಕ್ರಮದಲ್ಲಿ ಒಂದೊಂದು ಸಂಕೇತಕ್ಕೂ ಮೂರು ಬೈಟಿನಂತೆ 15 ಬೈಟು. ಜೋಡಣೆಯು ತಾನು ಯುಟಿಎಫ್-8 ಎಂದು ಹೇಳಿ, ಕೋಷ್ಟಕ ಲ್ಯಾಟಿನ್ ಆಗಿದ್ದರೆ, ಐದು ಸಂಕೇತಗಳಿಗೂ ಸ್ಥಳ ಕಾಣದೆ ಐದು ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ, ಮೂಲ ಪದ ಶಾಶ್ವತವಾಗಿ ಹೋಗುತ್ತದೆ. ಜೋಡಣೆಯೂ ತನ್ನನ್ನು ಲ್ಯಾಟಿನ್ ಎಂದೇ ತಪ್ಪಾಗಿ ತಿಳಿದಿದ್ದರೆ, 15 ಬೈಟುಗಳೂ ಹಾಗೆಯೇ ಒಳಹೋಗಿ, ಪುಟದಲ್ಲಿ ಸರಿಯಾಗಿಯೇ ಕಂಡು, ಡೇಟಾಬೇಸನ್ನು ಪಿಎಚ್‌ಪಿಮೈಅಡ್ಮಿನ್ ಎಂಬ ನಿರ್ವಹಣಾ ಸಾಧನದಲ್ಲಿ ತೆರೆದಾಗ ಮಾತ್ರ ವಿಕಾರವಾದ ಪಾಶ್ಚಾತ್ಯ ಅಕ್ಷರಗಳಾಗಿ ತೋರುತ್ತವೆ. ನೋಟಕ್ಕೆ ಎರಡನೆಯದು ಹೆಚ್ಚು ಭಯಂಕರ. ವಾಸ್ತವದಲ್ಲಿ ಅದನ್ನು ಉಳಿಸಿಕೊಳ್ಳಬಹುದು, ಮೊದಲನೆಯದನ್ನು ಉಳಿಸಿಕೊಳ್ಳಲಾಗದು.

ಮೂರನೆಯ ಬಗೆಯೊಂದುಂಟು, ಅದು ಇನ್ನೂ ಸೂಕ್ಷ್ಮ. ಪುಟವೇ ತನ್ನನ್ನು ಪಾಶ್ಚಾತ್ಯ ಲಿಪಿಯದೆಂದು ಘೋಷಿಸಿಕೊಂಡಿದ್ದರೆ, ಅದರ ಅರ್ಜಿಪೆಟ್ಟಿಗೆಯಲ್ಲಿ ಕನ್ನಡವನ್ನು ಬರೆದಾಗ ಬ್ರೌಸರು ಒಂದೊಂದು ಸಂಕೇತವನ್ನೂ ಅದರ ಸಂಖ್ಯೆಯ ರೂಪದಲ್ಲಿ ಕಳುಹಿಸುತ್ತದೆ. ‘ಕ’ ಎಂಬುದು ಮುಂದೆ ಹಿಂದೆ ಚಿಹ್ನೆಗಳನ್ನು ಧರಿಸಿದ 3221 ಎಂಬ ಅಂಕಿಯಾಗುತ್ತದೆ. ಪುಟದಲ್ಲಿ ಮತ್ತೆ ಅದು ‘ಕ’ ಎಂದೇ ಕಾಣುವುದರಿಂದ ಯಾರಿಗೂ ಸಂಶಯ ಬಾರದು. ಆದರೆ ‘ಕನ್ನಡ’ ಎಂಬ ಪದ ಈಗ 35 ಚಿಹ್ನೆಗಳಷ್ಟು ಉದ್ದ. ಹೆಸರಿಗೆಂದು 30ರ ಅಳತೆ ಇಟ್ಟಿದ್ದ ಅಂಕಣದಲ್ಲಿ ಅದು ನಡುವೆಯೇ ಕತ್ತರಿಸಿಹೋಗುತ್ತದೆ.

ಯುನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ತುಂಬಿಸಿದ ದತ್ತಾಂಶದ ಪಾಡು ಬೇರೆ. ಅಲ್ಲಿ ಕನ್ನಡದ ಅಕ್ಷರಭಾಗಗಳು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುವುದರಿಂದ ಡೇಟಾಬೇಸು ಅವನ್ನು ಲ್ಯಾಟಿನ್ ಎಂದೇ ಎಣಿಸುತ್ತದೆ. ದೊಡ್ಡ ಅಕ್ಷರ ಸಣ್ಣ ಅಕ್ಷರಗಳೆಂಬ ಭೇದವನ್ನು ಪರಿಗಣಿಸದೆ ಹುಡುಕುವುದು ಅದರ ಸ್ವಭಾವ. ಕನ್ನಡಕ್ಕೆ ಇಂಥ ಭೇದವೇ ಇಲ್ಲವಾದ್ದರಿಂದ ಫಾಂಟು ಅವೆರಡು ಸ್ಥಾನಗಳಲ್ಲಿ ಎರಡು ಬೇರೆ ಬೇರೆ ರೂಪಗಳನ್ನು ಇರಿಸಿರುತ್ತದೆ. ಪರಿಣಾಮವಾಗಿ ಒಂದು ಪದವನ್ನು ಹುಡುಕಿದರೆ ಸಂಬಂಧವೇ ಇಲ್ಲದ ಇನ್ನೊಂದು ಪದ ದೊರೆಯಬಹುದು. ಅಕಾರಾದಿಯಾಗಿ ಜೋಡಿಸೆಂದರೆ ಬರುವ ಕ್ರಮ ಯಾವ ವ್ಯಾಕರಣಕ್ಕೂ ಒಪ್ಪದು. ರಚನಾ ತಂತ್ರಾಂಶದ ನಾಲ್ಕು ಸ್ಥಳಗಳ ಪೆಟ್ಟಿಗೆಯಲ್ಲಿ ಲಿಪಿಗೆಂದು ಐದನೆಯ ಸ್ಥಳವೊಂದಿದ್ದಿದ್ದರೆ ಈ ದುಃಖದ ಬಹುಭಾಗ ತಪ್ಪುತ್ತಿತ್ತು. ಅದನ್ನು ರೂಪಿಸಿದವರ ಭಾಷೆಗೆ ಆ ಅಗತ್ಯ ಇರಲಿಲ್ಲ. ನಮ್ಮವರು ಕನೆಕ್ಷನ್ಸ್ ಕಡತವನ್ನು ಕೈಯಿಂದ ತೆರೆದು, ಲಿಪಿ ಯುಟಿಎಫ್-8 ಎಂದು ಸಾರುವ ಸಾಲೊಂದನ್ನು ತಾವೇ ಸೇರಿಸಿಕೊಳ್ಳಬೇಕಾಗಿತ್ತು.

ಭದ್ರತೆಯ ವಿಷಯದಲ್ಲಿ ಈ ತಂತ್ರಾಂಶಗಳ ಚರಿತ್ರೆ ಹೆಮ್ಮೆಪಡುವಂಥದಲ್ಲ. ಓದುಗನು ಅರ್ಜಿಪೆಟ್ಟಿಗೆಯಲ್ಲಿ ಬರೆದುದನ್ನು ಎಸ್‌ಕ್ಯೂಎಲ್ ವಾಕ್ಯದೊಳಗೆ ಹಾಗೆಯೇ ಹೊಲಿದರೆ, ದುರುದ್ದೇಶವುಳ್ಳವನು ಉದ್ಧರಣ ಚಿಹ್ನೆಯೊಂದನ್ನು ಹಾಕಿ ವಾಕ್ಯವನ್ನು ಮುರಿದು ತನ್ನ ಆಜ್ಞೆಯನ್ನು ಅದಕ್ಕೆ ಅಂಟಿಸಬಲ್ಲನು. ಈ ಅಪಾಯವನ್ನು 1998ರಲ್ಲಿಯೇ ಫ್ರ್ಯಾಕ್ ಎಂಬ ಪತ್ರಿಕೆಯ ಲೇಖನವೊಂದು ಬಯಲಿಗೆಳೆದಿತ್ತು. ಆದರೂ ಡ್ರೀಮ್‌ವೀವರ್ ಬರೆದುಕೊಡುತ್ತಿದ್ದ ಕೋಡು ಈ ದೃಷ್ಟಿಯಿಂದ ದುರಸ್ತಿಯಾದದ್ದು 2006ರ 8.0.2 ಆವೃತ್ತಿಯಲ್ಲಿ. ಅಷ್ಟರಲ್ಲಿ ಹಳೆಯ ಕೋಡನ್ನು ಹೊತ್ತ ಪುಟಗಳು ಜಗತ್ತಿನಾದ್ಯಂತ ಹರಡಿದ್ದವು. ತಂತ್ರಾಂಶವನ್ನು ಹೊಸದಾಗಿಸಿದರೆ ಅದು ಹಿಂದೆ ಬರೆದ ಪುಟ ಹೊಸದಾಗದು. ಬರೆದವನಿಗೆ ತನ್ನ ಪುಟದಲ್ಲಿ ಏನು ಬರೆದಿದೆಯೆಂದೇ ತಿಳಿಯದಿದ್ದುದು ಈ ಹಾನಿಯನ್ನು ಇಮ್ಮಡಿಗೊಳಿಸಿತು. ವಿನ್ಯಾಸಕ್ಕಾಗಿ ಗುಟ್ಟಾಗಿ ಇರಿಸಿದ ಮಧ್ಯವರ್ತಿ ಕಡತವನ್ನು ನಿಜವಾದ ಸರ್ವರಿನಿಂದ ತೆಗೆದುಹಾಕಬೇಕೆಂಬ ಎಚ್ಚರಿಕೆ ಕೈಪಿಡಿಯಲ್ಲಿ ಇತ್ತು, ಅದಕ್ಕೆಂದು ಮೆನುವಿನಲ್ಲಿ ಆಜ್ಞೆಯೂ ಇತ್ತು. ಆ ಕಡತದ ಅಸ್ತಿತ್ವವನ್ನೇ ಅರಿಯದವನು ಅದನ್ನು ಹೇಗೆ ತೆಗೆದಾನು? ಮನೆಯ ಗಣಕದಲ್ಲಿ ಎಕ್ಸ್ಎಎಂಪಿಪಿ ಎಂಬ ಸಿದ್ಧ ಕಟ್ಟನ್ನು ಹಾಕಿಕೊಂಡು, ಪಾಸ್‌ವರ್ಡಿಲ್ಲದ ರೂಟ್ ಖಾತೆಯಿಂದ ಅಭ್ಯಾಸ ಮಾಡಿದವರು ನಿಜವಾದ ತಾಣದಲ್ಲಿಯೂ ಸರ್ವಾಧಿಕಾರದ ಖಾತೆಯನ್ನೇ ಬಳಸಿದರು. ಓದುವುದಷ್ಟೇ ಕೆಲಸವಾದ ಪುಟಕ್ಕೆ ಓದುವ ಅಧಿಕಾರವನ್ನಷ್ಟೇ ಕೊಟ್ಟ ಖಾತೆ ಸಾಕೆಂಬ ವಿವೇಕ ಬಹುಕಾಲ ಅಪರೂಪವಾಗಿಯೇ ಉಳಿಯಿತು.

ಅಡೋಬಿ ಕಂಪನಿ 2005ರಲ್ಲಿ ಸುಮಾರು 340 ಕೋಟಿ ಡಾಲರಿಗೆ ಮ್ಯಾಕ್ರೊಮೀಡಿಯಾವನ್ನು ತನ್ನದಾಗಿಸಿಕೊಂಡಿತು. ಡ್ರೀಮ್‌ವೀವರಿನ 2013ರ ಹೊಸ ಆವೃತ್ತಿಯಲ್ಲಿ ದತ್ತಾಂಶ ಜೋಡಣೆಯ ಫಲಕಗಳು ಮೂಲ ತಂತ್ರಾಂಶದಿಂದ ಕಾಣೆಯಾಗಿ, ಬೇಕೆಂದವರು ಪ್ರತ್ಯೇಕವಾಗಿ ಸೇರಿಸಿಕೊಳ್ಳತಕ್ಕ ವಸ್ತುವಾದವು. ಅದೇ ವರ್ಷ ಪಿಎಚ್‌ಪಿ ತನ್ನ ಹಳೆಯ ಮೈಎಸ್‌ಕ್ಯೂಎಲ್ ಆಜ್ಞೆಗಳನ್ನು ತ್ಯಾಜ್ಯವೆಂದು ಸಾರಿತು. 2015ರ ಕೊನೆಗೆ ಬಂದ ಪಿಎಚ್‌ಪಿ 7 ಅವನ್ನು ಕಿತ್ತೇ ಹಾಕಿತು. ಫ್ರಂಟ್‌ಪೇಜ್ ಅದಕ್ಕೂ ಮುಂಚೆಯೇ, 2006ರಲ್ಲಿ, ನಿಂತುಹೋಗಿತ್ತು. ಬಹುಜನರು ಅಷ್ಟರಲ್ಲಿ 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ಸಿನಂಥ ಸಿದ್ಧ ವ್ಯವಸ್ಥೆಗಳ ಕಡೆಗೆ ತಿರುಗಿದ್ದರು. ಅಲ್ಲಿ ನಡುವಣ ಪ್ರೋಗ್ರಾಮು ಮೊದಲೇ ಬರೆದಿರುತ್ತದೆ, ವಿನ್ಯಾಸಕಾರನು ಅದರ ಮೇಲೆ ಹೊದಿಸುವ ಹೊದಿಕೆಯನ್ನು ಮಾತ್ರ ರಚಿಸುತ್ತಾನೆ. ಆದರೂ ಅದರ ಸಂರಚನಾ ಕಡತವನ್ನು ತೆರೆದು ನೋಡಿದರೆ ಅದೇ ನಾಲ್ಕು ಮೌಲ್ಯಗಳು ಅಲ್ಲಿಯೂ ಕುಳಿತಿವೆ. ಜೊತೆಗೆ ಲಿಪಿಗೆ ಐದನೆಯ ಸ್ಥಳವೂ ಇದೆ, ಅಷ್ಟರಮಟ್ಟಿಗೆ ಲೋಕ ಮುಂದುವರಿದಿದೆ.

ಈಚಿನ ದಿನಗಳಲ್ಲಿ ಇನ್ನೊಂದು ಪ್ರವೃತ್ತಿ ಬಲಗೊಂಡಿದೆ. ಫೈರ್‌ಬೇಸ್, ಸುಪಾಬೇಸ್ ಮೊದಲಾದ ಸೇವೆಗಳು ದತ್ತಾಂಶವನ್ನು ಎಪಿಐ ಎಂಬ ಕಿಂಡಿಯ ಮೂಲಕ ತೆರೆದಿಡುತ್ತವೆ. ಬ್ರೌಸರಿನಲ್ಲಿರುವ ಪುಟವೇ ಅವನ್ನು ನೇರವಾಗಿ ಕೇಳುತ್ತದೆ. ನಡುವಣವನು ಕೊನೆಗೂ ತೊಲಗಿದನೆಂದು ಹಲವರು ಸಂತೋಷಪಟ್ಟಿದ್ದಾರೆ. ಈ ಸಂತೋಷ ಅವಸರದ್ದು. ಅವನು ಮಾಡುತ್ತಿದ್ದ ಕೆಲಸ, ಅಂದರೆ ಯಾರು ಯಾವ ಸಾಲನ್ನು ನೋಡಬಹುದು, ಯಾರು ತಿದ್ದಬಹುದು ಎಂಬ ವಿವೇಚನೆ, ಈಗ ಡೇಟಾಬೇಸಿನೊಳಗೇ ನಿಯಮಗಳ ರೂಪದಲ್ಲಿ ಬರೆಯಲ್ಪಡಬೇಕು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸು 2016ರ 9.5 ಆವೃತ್ತಿಯಿಂದ ಸಾಲುಸಾಲಿಗೂ ಇಂಥ ನಿಯಮ ವಿಧಿಸಲು ಅವಕಾಶ ಕೊಟ್ಟಿದೆ. ಪುಟದೊಳಗಿರುವ ಕೀಲಿ ಯಾವ ಓದುಗನ ಕಣ್ಣಿಗೂ ಬೀಳಬಲ್ಲದಾದ್ದರಿಂದ, ಆ ನಿಯಮವನ್ನು ಬರೆಯದೆ ಬಿಟ್ಟ ಕೋಷ್ಟಕ ಬಾಗಿಲಿಲ್ಲದ ಮನೆಯೇ ಸರಿ. ಕೋಡಿಲ್ಲದೆ ತಾಣ ಕಟ್ಟಿಕೊಡುತ್ತೇವೆನ್ನುವ, ಮಾತಿನಲ್ಲಿ ಹೇಳಿದರೆ ಕೋಡು ಬರೆದುಕೊಡುತ್ತೇವೆನ್ನುವ ಇಂದಿನ ಸಾಧನಗಳನ್ನೂ ಅಳೆಯಬೇಕಾದದ್ದು ಇದರಿಂದಲೇ: ಆ ನಿಯಮ ಎಲ್ಲಿದೆ, ಅದನ್ನು ಬರೆದವರಾರು ಎಂಬುದನ್ನು ಅವು ಬಳಕೆದಾರನಿಗೆ ತೋರಿಸುತ್ತವೆಯೇ?

ಇಷ್ಟೆಲ್ಲ ಆದರೂ ಡ್ರೀಮ್‌ವೀವರ್ ಬರೆದುಕೊಟ್ಟ ಹಳೆಯ ಪುಟಗಳು ಸಂಪೂರ್ಣವಾಗಿ ಮಾಯವಾಗಿಲ್ಲ. ಪಿಎಚ್‌ಪಿ 5.6ಕ್ಕೆ ಭದ್ರತೆಯ ದುರಸ್ತಿ 2018ರ ಕೊನೆಗೇ ನಿಂತಿರುವುದರಿಂದ, ಅದನ್ನೇ ನೆಚ್ಚಿಕೊಂಡ ತಾಣಗಳನ್ನು ಉಳಿಸಿಕೊಳ್ಳಬೇಕೆನ್ನುವವರು ಕೆಲಸವನ್ನು ಕನೆಕ್ಷನ್ಸ್ ಕಡತದಿಂದಲೇ ಆರಂಭಿಸಬೇಕು. ಹಳೆಯ ಆಜ್ಞೆಗಳ ಹೆಸರಿಗೆ ಒಂದು ‘ಐ’ ಅಕ್ಷರವನ್ನು ಸೇರಿಸಿದರೆ ಮೈಎಸ್‌ಕ್ಯೂಎಲ್‌ಐ ಆಗಿಬಿಡುತ್ತದೆಂಬ ನಂಬಿಕೆ ಹರಡಿದೆ, ಅದು ಅರ್ಧಸತ್ಯ. ಹಳೆಯ ಕ್ರಮದಲ್ಲಿ ಪ್ರಶ್ನೆ ಮೊದಲು, ಜೋಡಣೆ ಅನಂತರ, ಅದನ್ನು ಬಿಟ್ಟರೂ ನಡೆಯುತ್ತಿತ್ತು. ಹೊಸ ಕ್ರಮದಲ್ಲಿ ಜೋಡಣೆಯನ್ನು ಮೊದಲು ಹೇಳಲೇಬೇಕು. ಶಾಶ್ವತ ಜೋಡಣೆಯ ಹಳೆಯ ಆಜ್ಞೆಗೆ ಹೊಸದರಲ್ಲಿ ಸಮನಾದದ್ದಿಲ್ಲ, ಸರ್ವರಿನ ಹೆಸರಿನ ಆರಂಭದಲ್ಲಿ ಒಂದು ಗುರುತನ್ನು ಸೇರಿಸಬೇಕಾಗುತ್ತದೆ. ಪಿಡಿಒ ಎಂಬ ಇನ್ನೊಂದು ಕ್ರಮಕ್ಕೆ ಹೋಗುವವರು ವಾಕ್ಯಗಳನ್ನು ಹೊಸದಾಗಿ ಬರೆಯಬೇಕಾದರೂ, ಓದುಗನ ಮಾತನ್ನು ಎಸ್‌ಕ್ಯೂಎಲ್ ವಾಕ್ಯದಿಂದ ಬೇರೆಯಾಗಿ ಕಳುಹಿಸುವ ಸೌಕರ್ಯ ಅಲ್ಲಿ ಸಹಜವಾಗಿದೆ. ಮೈಎಸ್‌ಕ್ಯೂಎಲ್‌ಐಗಿಂತ ಅದನ್ನೇ ಆರಿಸಿಕೊಳ್ಳುವುದು ಲೇಸು. ಲಿಪಿಯನ್ನು ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್ ಪೂರ್ಣ ಯುಟಿಎಫ್-8ಕ್ಕೆ ಕೊಟ್ಟ ಹೆಸರು) ಎಂದು ಜೋಡಣೆಯ ಸಾಲಿನಲ್ಲಿಯೇ ಹೇಳಿ, ಕೋಷ್ಟಕಗಳನ್ನು ಬದಲಿಸುವ ಮುನ್ನ ಒಳಗಿರುವುದು ಪ್ರಶ್ನಾರ್ಥಕ ಚಿಹ್ನೆಯೋ ವಿಕಾರವಾದ ಅಕ್ಷರವೋ ಎಂಬುದನ್ನು ನೋಡಿಕೊಂಡು, ಒಂದು ಪ್ರತಿಯನ್ನು ತೆಗೆದಿಟ್ಟು ಮುಂದುವರಿಯಬೇಕು. ಕಣ್ಣಿಗೆ ಕಾಣುವ ವಿನ್ಯಾಸದ ಭಾಗವನ್ನು ಇದಾವುದಕ್ಕೂ ಮುಟ್ಟಬೇಕಾಗಿಲ್ಲ.